ಬಾಕ್ಸ್ ಹಿಲ್‌ನ ಗ್ಯಾರೇಜಿನಲ್ಲಿ ತಕ್ಕಡಿ ಹಿಡಿದು

ಸಿಡ್ನಿ, ವಿಮಾನ ನಿಲ್ದಾಣ

ಆಸ್ಟ್ರೇಲಿಯಾ ನನ್ನನ್ನು ಒಳಗೆ ಬಿಟ್ಟುಕೊಂಡಿತು, ನನ್ನ ಹಿಪ್ಪಲಿಯನ್ನು ಬಿಟ್ಟುಕೊಳ್ಳಲಿಲ್ಲ. ಹದಿನಾಲ್ಕು ಪೊಟ್ಟಣ ಕಟ್ಟಿಕೊಂಡು ಹೋಗಿದ್ದೆ. ಹಿಪ್ಪಲಿ, ಅಳಲೆಕಾಯಿ, ಅತಿಮಧುರ, ಬಜೆ, ಲಾವಂಚದ ಬೇರು, ಇನ್ನೂ ಏನೇನೋ. ಅರವತ್ತಾರನೆಯ ವಯಸ್ಸಿನಲ್ಲಿ ಮೊದಲ ಸಲ ತಂಗಿಯ ಮನೆಗೆ ಹೊರಟ ಅಣ್ಣ ಬರಿಗೈಯಲ್ಲಿ ಹೋಗುವುದು ಹೇಗೆ? ಸೀರೆ ಆರಿಸಲು ನನಗೆ ಬರುವುದಿಲ್ಲ. ಆರಿಸಬಲ್ಲ ನನ್ನ ಹೆಂಡತಿ ಮೊಣಕಾಲು ನೋವೆಂದು ಮೈಸೂರಿನಲ್ಲೇ ಉಳಿದಳು. ಹಾಗಾಗಿ ನನಗೆ ಗೊತ್ತಿದ್ದನ್ನು ಕಟ್ಟಿಕೊಂಡು ಹೊರಟೆ.

ಮೈಸೂರಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ನಮ್ಮದು ಗ್ರಂಧಿಗೆ ಅಂಗಡಿ. ಬೇರು, ನಾರು, ಪೂಜೆ ಸಾಮಾನು, ಬಾಣಂತಿ ಖಾರದ ಸಾಮಾನು ಎಲ್ಲ ಸಿಗುತ್ತಿತ್ತು. ಎರಡು ವರ್ಷದ ಹಿಂದೆ ಬಾಗಿಲು ಹಾಕಿದೆ. ಅದಕ್ಕೆ ಮೊದಲು ನಲವತ್ತು ವರ್ಷ ಆ ಗದ್ದುಗೆಯ ಮೇಲೆ ಕೂತು ತೂಗಿದ್ದೇನೆ. ಅಪ್ಪ ಹೇಳಿಕೊಟ್ಟ ನಿಯಮ ಒಂದೇ. ತಕ್ಕಡಿ ಸಮ ನಿಲ್ಲಬೇಕು. ನಿಂತ ಮೇಲೆ ಬಲಗೈ ಪೊಟ್ಟಣಕ್ಕೆ ಸುರಿಯಬೇಕು, ಎಡಗೈ ತೂಕದ ಮೇಲೆ ಒಂದು ಚಿಟಿಕೆ ಕೊಸರು ಹಾಕಬೇಕು. ಕೊಸರಿಲ್ಲದೆ ಕಟ್ಟಿದ ಪೊಟ್ಟಣವನ್ನು ಅಪ್ಪ ಬಿಚ್ಚಿಸುತ್ತಿದ್ದರು.

ವಿಮಾನ ನಿಲ್ದಾಣದ ಕೈಗವಸಿನ ಹೆಂಗಸು ನನ್ನ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ, ಇದು ಯಾಕೆ, ಇದು ಯಾಕೆ ಎಂದು ಕೇಳಿದಳು. ಇದು ಕೆಮ್ಮಿಗೆ, ಇದು ವಾಯುವಿಗೆ, ಇದು ಮಕ್ಕಳ ಮಾತು ಬೇಗ ಬರಲಿಕ್ಕೆ ಎಂದು ನನ್ನ ಅಂಗಡಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಹನ್ನೊಂದನೆಯ ಪೊಟ್ಟಣಕ್ಕೆ ಬರುವ ಹೊತ್ತಿಗೆ ಅವಳಿಗೂ ಕುತೂಹಲ ಹುಟ್ಟಿತ್ತು, ತನ್ನ ಬೆನ್ನುನೋವಿಗೆ ಏನಾದರೂ ಇದೆಯೇ ಎಂದಳು. ಹನ್ನೆರಡನೆಯದರಲ್ಲಿದೆ ಎಂದೆ. ನಕ್ಕಳು. ಆಮೇಲೆ ಹನ್ನೆರಡನೆಯದನ್ನೂ ಸೇರಿಸಿ ಹದಿಮೂರು ಪೊಟ್ಟಣವನ್ನು ಹಳದಿ ತೊಟ್ಟಿಗೆ ಹಾಕಿದಳು. ಕಲ್ಲುಸಕ್ಕರೆ ಒಂದು ಉಳಿಯಿತು. ಎಲ್ಲವನ್ನೂ ಮೊದಲೇ ಡಿಕ್ಲೇರ್ ಮಾಡಿದ್ದರಿಂದ ದಂಡ ಬೀಳಲಿಲ್ಲ.

ದಿ ಪಾಂಡ್ಸ್

ಮೊದಲ ನಾಲ್ಕು ದಿನ ತಂಗಿಯ ಮಗಳು ದೀಪಾಳ ಮನೆ. ಅವಳ ಸಬರ್ಬಿನ ಹೆಸರು ದಿ ಪಾಂಡ್ಸ್. ಅಲ್ಲಿನ ಮನೆಗಳೆಲ್ಲ ಒಂದೇ ಅಚ್ಚಿನವು. ಅದೇ ಬೂದು ಬಣ್ಣ, ಅದೇ ಗ್ಯಾರೇಜು, ಅದೇ ಎರಡು ಗಿಡ. ಎರಡನೆಯ ದಿನ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು, ಬಾಗಿಲು ತೆರೆದೇ ಇತ್ತೆಂದು ನೆಟ್ಟಗೆ ಒಳಗೆ ಹೋಗಿ ಸೋಫಾದ ಮೇಲೆ ಕೂತೆ. ಒಳಗಿನಿಂದ ಗುಜರಾತಿ ಅಜ್ಜಿಯೊಬ್ಬರು ಜಪಮಾಲೆ ಹಿಡಿದು ಬಂದು ನನ್ನನ್ನು ನೋಡಿದರು. ಹೆದರಲಿಲ್ಲ. ನಂಬರು ಎಷ್ಟು ಎಂದು ಹಿಂದಿಯಲ್ಲಿ ಕೇಳಿದರು. ಹಾಗೆ ಮನೆ ತಪ್ಪಿ ಬಂದವರಲ್ಲಿ ನಾನು ಮೂರನೆಯವನಂತೆ ಆ ತಿಂಗಳಲ್ಲಿ. ಮೈಸೂರಿನಲ್ಲಿ ಕಣ್ಣುಮುಚ್ಚಿ ನಡೆದರೂ ವಾಸನೆಯ ಮೇಲೆ ನಮ್ಮ ಬೀದಿ ಗೊತ್ತಾಗುತ್ತಿತ್ತು. ಇಲ್ಲಿ ಯಾವ ಬೀದಿಗೂ ವಾಸನೆಯಿಲ್ಲ.

ದೀಪಾಳ ಐದು ವರ್ಷದ ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಹೇಳಿದ ಅಜ್ಜನ ಅಂಗಡಿಯ ಕಥೆಯನ್ನೆಲ್ಲ ಬಾಯಿಬಿಟ್ಟುಕೊಂಡು ಕೇಳಿ, ಕೊನೆಗೆ ಆ ಶಾಪ್ ಆನ್‌ಲೈನ್ ಇದೆಯಾ ಎಂದು ಇಂಗ್ಲಿಷಿನಲ್ಲೇ ಕೇಳಿದಳು.

ಹೊರಡುವ ಹಿಂದಿನ ಸಂಜೆ ದೀಪಾ ಪಾತ್ರೆ ತೊಳೆಯುತ್ತಾ ಹೇಳಿದಳು, "ಮಾಮ, ಮೆಲ್ಬರ್ನ್‌ಗೆ ಹೋದ್ಮೇಲೆ ಡ್ಯಾಡಿ ಹತ್ರ ಅವ್ರ ಹೊಸ ರೈಫಲ್ ಬಗ್ಗೆ ಮಾತಾಡಿ. ಬೇರೆ ಏನ್ ಟ್ರೈ ಮಾಡಿದ್ರೂ ಇಬ್ರೂ ಜಗಳಕ್ಕೆ ಹೋಗ್ತೀರ."

ಜಗಳ ಎಂದರೆ ಜಗಳವೂ ಅಲ್ಲ, ಮಾತೇ ಇರಲಿಲ್ಲ. ಮೂವತ್ತೆರಡು ವರ್ಷದ ಹಿಂದೆ ನನ್ನ ತಂಗಿ ಸರೋಜ, ಕಾರ್ಕಳದ ಜಗನ್ನಾಥ ಎಂಬುವರನ್ನು ಮದುವೆಯಾಗುತ್ತೇನೆ ಎಂದಾಗ ಮನೆಯಲ್ಲಿ ಹಾರಾಡಿದವನು ನಾನು. ಮೊಟ್ಟೆಯೂ ಹೊಸಿಲು ದಾಟದ ಮನೆ ನಮ್ಮದು. ಅವರದು ಗದ್ದೆಗೆ ಬಂದ ಹಂದಿಯನ್ನು ಕೋವಿಯಲ್ಲಿ ಹೊಡೆದು ಊರಿಗೆ ಹಂಚುವ ಮನೆ. ಮದುವೆಗೆ ನಮ್ಮ ಕಡೆಯಿಂದ ಒಂದು ಜೀವವೂ ಹೋಗಲಿಲ್ಲ. ಅವರು ಆಸ್ಟ್ರೇಲಿಯಾಕ್ಕೆ ಹೋದ ಮೇಲೂ ಸರೋಜ ಪ್ರತಿ ಭಾನುವಾರ ಫೋನು ಮಾಡುತ್ತಿದ್ದಳು. ಹಿಂದುಗಡೆ ಜಗನ್ನಾಥರು ಕೆಮ್ಮುವುದು ಕೇಳಿಸುತ್ತಿತ್ತು. ಅವರು ಫೋನಿಗೆ ಬರುತ್ತಿರಲಿಲ್ಲ, ನಾನೂ ಕೊಡು ಎನ್ನುತ್ತಿರಲಿಲ್ಲ. ಮೈಸೂರಿಗೆ ಬಂದಾಗ ಅವರು ಹೋಟೆಲಿನಲ್ಲಿ ಇಳಿಯುತ್ತಿದ್ದರು, ಅವಳು ಮನೆಗೆ ಬಂದು ಹೋಗುತ್ತಿದ್ದಳು.

ಇದರಲ್ಲಿ ನಾನು ಯಾರಿಗೂ ಹೇಳದ ಸಂಗತಿ ಒಂದಿದೆ. ಅಪ್ಪ ಆ ಮದುವೆಗೆ ಹೊರಟಿದ್ದರು. ಪಂಚೆ ಮಡಿಸಿ ಚೀಲಕ್ಕೆ ಹಾಕಿದ್ದರು. ನೀವು ಹೋದರೆ ನಾಳೆಯಿಂದ ಅಂಗಡಿ ಬಾಗಿಲು ನಾನು ತೆಗೆಯುವುದಿಲ್ಲ ಎಂದೆ. ಅವರು ಚೀಲವನ್ನು ಗೂಟಕ್ಕೆ ತಗುಲಿಹಾಕಿದರು. ಎರಡು ವರ್ಷಕ್ಕೆ ತೀರಿಕೊಂಡರು.

ಡಾಕ್‌ಲ್ಯಾಂಡ್ಸ್

ಮೆಲ್ಬರ್ನಿನಲ್ಲಿ ಸರೋಜಳ ಮನೆ ಬಾಕ್ಸ್ ಹಿಲ್ ಸ್ಟೇಷನ್ನಿಗೆ ಹತ್ತಿರದ ಹಳೆಯ ಇಟ್ಟಿಗೆ ಮನೆ. ಅವಳು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುತ್ತಾಳೆ. ಅಡುಗೆಮನೆಯಲ್ಲಿ ಎರಡು ಒಲೆ, ಎರಡು ಜೊತೆ ಪಾತ್ರೆ, ಒಂದು ಮಾಂಸದ ಅಡುಗೆಗೆ, ಒಂದು ಅವಳ ಅಡುಗೆಗೆ. ನನ್ನನ್ನು ನೋಡಿ ಅವಳು ಅತ್ತಳು. ಜಗನ್ನಾಥರು ಪ್ರಯಾಣ ಹೇಗಾಯಿತು ಎಂದು ಕೇಳಿದರು, ನಾನು ಚೆನ್ನಾಗಾಯಿತು ಎಂದೆ. ಅಲ್ಲಿಗೆ ಆ ದಿನದ ಮಾತು ಮುಗಿಯಿತು.

ಮಾರನೆಯ ದಿನ ಸರೋಜ ಡ್ಯೂಟಿಗೆ ಹೊರಡುತ್ತಾ, ಅಣ್ಣನಿಗೆ ನಿಮ್ಮ ಹಳೇ ಆಫೀಸು ತೋರಿಸಿ ಎಂದು ಗಂಡನಿಗೆ ಅಪ್ಪಣೆ ಮಾಡಿದಳು. ಅವರು ನಿವೃತ್ತಿಯ ತನಕ ಡಾಕ್‌ಲ್ಯಾಂಡ್ಸಿನ ಬ್ಯಾಂಕೊಂದರಲ್ಲಿದ್ದವರು. ಇಬ್ಬರೂ ಶಾಲೆಗೆ ಅಟ್ಟಿದ ಮಕ್ಕಳಂತೆ ಟ್ರಾಮಿಗೆ ಹೋದೆವು. ಹತ್ತುವಾಗ ಅವರು ಕಾರ್ಡನ್ನು ಯಂತ್ರಕ್ಕೆ ತಾಗಿಸಲು ಹೋದರು. ಕೈ ನಡುಗಿತು. ಕಾರ್ಡು ಯಂತ್ರದ ಸುತ್ತ ಓಡಾಡಿತೇ ಹೊರತು ಒಂದೆಡೆ ನಿಲ್ಲಲಿಲ್ಲ. ಹಿಂದೆ ಜನ ನಿಂತಿದ್ದರು. ನಾನು ಯೋಚಿಸದೆ ಅವರ ಮಣಿಕಟ್ಟು ಹಿಡಿದು ಒತ್ತಿದೆ, ಯಂತ್ರ ಕೂಗಿತು. ಅವರು ಕೈ ಎಳೆದುಕೊಂಡು ಕಿಟಕಿಯ ಕಡೆ ತಿರುಗಿ ಕೂತರು.

ಮೆಲ್ಬರ್ನಿನ ಟ್ರಾಮಿನಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ನಮ್ಮ ಸಿಟಿ ಬಸ್ಸಾಗಿದ್ದರೆ ಆ ಕೈಗೆ ಇಷ್ಟು ಹೊತ್ತಿಗೆ ಹತ್ತು ಔಷಧ ಹೇಳಿರುತ್ತಿದ್ದರು, ಅದರಲ್ಲಿ ಐದಕ್ಕೆ ನನ್ನ ಅಂಗಡಿಗೇ ಕಳಿಸುತ್ತಿದ್ದರು. ಇಲ್ಲಿ ಯಾರೂ ನೋಡದೆ ಇದ್ದದ್ದೇ ಒಳ್ಳೆಯದಾಯಿತು ಎನ್ನಿಸಿತು.

ನೀರಿನ ದಂಡೆಯ ಬೆಂಚಿನ ಮೇಲೆ ಕೂತ ಮೇಲೆ ಅವರೇ ಹೇಳಿದರು. ಈ ನಡುಕದ ಕಾಯಿಲೆ ಶುರುವಾಗಿ ಒಂದು ವರ್ಷವಾಯಿತು. ಭಾರದ ವಸ್ತು ಹಿಡಿದರೆ ಕೈ ನಿಲ್ಲುತ್ತದೆ, ಚಿಕ್ಕದನ್ನು ಹಿಡಿದರೆ ನಡುಗುತ್ತದೆ. ಬೇಟೆಗೆ ಹೋಗಲು ಡಾಕ್ಟರು ಈ ವರ್ಷಕ್ಕೆ ಒಪ್ಪಿದ್ದಾರೆ, ಮುಂದಿನದಕ್ಕೆ ನೋಡೋಣ ಎಂದಿದ್ದಾರೆ. ಭುಜಕ್ಕೆ ಒದೆತ ಕಡಿಮೆಯಿರಲೆಂದು ಹೊಸ ಕೋವಿ ತೆಗೆದುಕೊಂಡಿದ್ದಾರೆ. ಆದರೆ ಹೊಸ ಕೋವಿಗೆ ಅಂಗಡಿಯ ತೋಟೆ, ಅಂದರೆ ಕಾಡತೂಸು, ಸರಿಹೋಗುತ್ತಿಲ್ಲ. ಹಿತ್ತಾಳೆ ಕೊಳವೆಗೆ ಮದ್ದನ್ನು ತಾವೇ ತೂಗಿ ತುಂಬಿ, ಯಾವ ತೂಕಕ್ಕೆ ಗುರಿ ಕೂಡುತ್ತದೆಂದು ಕಂಡುಹಿಡಿಯಬೇಕು.

"ಒಂದೊಂದು ಕೋವಿಗೆ ಒಂದೊಂದು ರುಚಿ ಉಂಟು," ಎಂದರು. "ತೂಗಲಿಕ್ಕೆ ಈ ಕೈ ಬಿಡುವುದಿಲ್ಲ. ಸರೋಜ ಆ ಕೆಲಸ ಮುಟ್ಟುವುದಿಲ್ಲ." ನನ್ನ ಕೈ ನೋಡಿದರು. "ನಿಮ್ಮ ಕೈ ನಡುಗುವುದಿಲ್ಲ."

ಅದು ಕೋರಿಕೆ ಎಂದು ಗೊತ್ತಾಗಲು ನನಗೆ ಒಂದು ನಿಮಿಷ ಬೇಕಾಯಿತು. ನಾನು ಜೀವಮಾನದಲ್ಲಿ ಇರುವೆಯನ್ನು ನೋಡಿ ನಡೆದವನಲ್ಲ, ಆದರೆ ಬೇಕೆಂದು ಯಾವ ಪ್ರಾಣಿಯನ್ನೂ ಕೊಂದವನೂ ಅಲ್ಲ. ಹಾಗೆಂದು ಅಂಗಡಿಯಲ್ಲಿ ಮದ್ದಿಗೆ ಬೀಳುವ ಗಂಧಕ, ಪೆಟ್ಲುಪ್ಪು ಕಟ್ಟಿಕೊಟ್ಟಿದ್ದೇನೆ, ಯಾಕೆ ಒಯ್ಯುತ್ತೀರಿ ಎಂದು ಒಬ್ಬರನ್ನೂ ಕೇಳಿಲ್ಲ. ಮೂವತ್ತೆರಡು ವರ್ಷದಲ್ಲಿ ಈ ಮನುಷ್ಯ ನನ್ನಿಂದ ಕೇಳಿದ್ದು ಇದೊಂದೇ. ತೂಗುತ್ತೇನೆ ಎಂದೆ.

ಬಾಕ್ಸ್ ಹಿಲ್, ಗ್ಯಾರೇಜು

ಗ್ಯಾರೇಜಿನ ಒಂದು ಗೋಡೆಗೆ ಉದ್ದನೆಯ ಮೇಜು. ಅದರ ಬಲತುದಿಗೆ ಕಬ್ಬಿನ ಗಾಣದ ಮರಿಯಂಥ ಪ್ರೆಸ್ಸು, ಹಿಡಿ ಎಳೆದರೆ ಕೊಳವೆಯ ಬಾಯಿಗೆ ಗುಂಡು ಕೂರುತ್ತದೆ. ಎಡತುದಿಗೆ ತಕ್ಕಡಿ. ಒಂದೇ ತಟ್ಟೆ, ಒಂದು ಕಡ್ಡಿ, ತುದಿಯಲ್ಲಿ ಮುಳ್ಳು. ವಿದ್ಯುತ್ ತಕ್ಕಡಿಯೂ ಇತ್ತು, ಅದರ ಅಂಕಿ ಕುಣಿಯುತ್ತದೆಂದು ಜಗನ್ನಾಥರು ನಂಬುತ್ತಿರಲಿಲ್ಲ. ತಕ್ಕಡಿಯ ಮುಂದೆ ಕೂತ ಕೂಡಲೇ ನಾನು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೂಗುಸಿರನ್ನು ಪಕ್ಕಕ್ಕೆ ಬಿಡತೊಡಗಿದೆ. ಅವರು ನೋಡಿ ತಲೆಯಾಡಿಸಿದರು. ತೂಗುವವನನ್ನು ತೂಗುವವನು ಗುರುತು ಹಿಡಿದಂತಿತ್ತು.

ಮೊದಲು ನಿಯಮ ಹೇಳಿದರು. ಕೋವಿಯನ್ನು ನಾನು ಮುಟ್ಟಬಾರದು, ಅದು ಬೀರುವಿನಲ್ಲಿ ಬೀಗದೊಳಗಿತ್ತು. ಮದ್ದಿನ ಡಬ್ಬಿ ಅವರೇ ತೆಗೆದುಕೊಡಬೇಕು, ಅವರೇ ಮುಚ್ಚಬೇಕು. ಫೋನು ಇಲ್ಲ, ಮಾತು ಇಲ್ಲ. ಕಾರ್ಕಳದಲ್ಲಿ ಅವರ ನೆರೆಮನೆಯವರೊಬ್ಬರು ಮಾತಾಡುತ್ತಾ ಕೋವಿಗೆ ಎರಡು ಸಲ ಮದ್ದು ಹಾಕಿ, ಮೂರು ಬೆರಳು ಕಳೆದುಕೊಂಡಿದ್ದರು.

"ಸ್ವಲ್ಪ ಹೆಚ್ಚಾದರೆ ಗುರಿ ತಪ್ತದೆ. ಮತ್ತೂ ಹೆಚ್ಚಾದರೆ ನಳಿಗೆ ಒಡೀತದೆ. ನನ್ನ ಕೆನ್ನೆ ಇರುವುದು ಅದರ ಬುಡದಲ್ಲೇ," ಎಂದರು.

ಆರು ಕಟ್ಟು ಮಾಡಬೇಕಿತ್ತು, ಕಟ್ಟಿಗೆ ಐದು ತೋಟೆ. ಪ್ರತಿ ಕಟ್ಟಿಗೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಮದ್ದು. ಮದ್ದು ಎಂದರೆ ನಾನು ಕಪ್ಪು ಪುಡಿ ಎಂದುಕೊಂಡಿದ್ದೆ. ಅದು ಪೆನ್ಸಿಲಿನ ಸೀಸವನ್ನು ಸಣ್ಣಗೆ ಕತ್ತರಿಸಿದ ಹಾಗಿತ್ತು. ಚಿಕ್ಕ ಚಮಚದಲ್ಲಿ ತಟ್ಟೆಗೆ ಹಾಕುವುದು, ಮುಳ್ಳು ಗೆರೆಗೆ ಬಂದು ನಿಂತ ಮೇಲೆ ತಟ್ಟೆ ಎತ್ತಿ ಆಲಿಕೆಯಿಂದ ಕೊಳವೆಗೆ ಸುರಿಯುವುದು. ಅವರು ಟಾರ್ಚು ಬಿಟ್ಟು ಒಳಗೆ ನೋಡಿ, ಪ್ರೆಸ್ಸಿಗೆ ಒಯ್ದು, ನನಗೆ ಬೆನ್ನು ಹಾಕಿ ಹಿಡಿ ಎಳೆಯುತ್ತಿದ್ದರು. ಮೊದಲ ದಿನ ಮಾತಿಲ್ಲದೆ ಎರಡು ಕಟ್ಟು ಮುಗಿಸಿದೆವು.

ಎರಡನೆಯ ದಿನ ನಿಯಮ ಮುರಿದವರು ಅವರೇ. ಅವರು ಹೊಡೆಯಲಿರುವ ಪ್ರಾಣಿ ಯಾವುದೆಂದು ಊಟದ ಹೊತ್ತಿನಲ್ಲಿ ನಾನು ಕೇಳಿದ್ದೆ. ಗ್ಯಾರೇಜಿಗೆ ಬಂದ ಮೇಲೆ ಉತ್ತರ ಬಂತು. "ಕಡವೆ. ನಮ್ಮ ಊರಿನದ್ದೇ ಕಡವೆ ಮಾರಾಯ್ರೆ. ಹಿಂದೆ ಯಾರೋ ದೊರೆಗಳು ನಮ್ಮ ಕಡೆಯಿಂದ ಹಡಗಿನಲ್ಲಿ ತಂದು ಬಿಟ್ಟದ್ದು. ಈಗ ಇಲ್ಲಿಯ ಬೆಟ್ಟ ಪೂರಾ ಅದೇ."

ಊರಿನಲ್ಲಿ ಕಡವೆಯನ್ನು ಮುಟ್ಟಿದರೆ ಜೈಲು. ಇಲ್ಲಿ ಲೈಸೆನ್ಸ್ ಪಡೆದು ಹೊಡೆದರೆ ಗದ್ದೆಯವರು ಥ್ಯಾಂಕ್ಸ್ ಹೇಳುತ್ತಾರಂತೆ. ಮೊದಲ ಸಲ ಇಲ್ಲಿನ ಕಾಡಿನಲ್ಲಿ ಕಡವೆ ಕೂಗಿದ್ದು ಕೇಳಿ ಅವರು ಕೋವಿ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟಿದ್ದರಂತೆ. ಯಾವ ಬೇಟೆಯೂ ಬೇಡವಾಗಿತ್ತು ಆ ದಿನ ಎಂದರು.

ಆಮೇಲೆ ಮಾತು ನಿಲ್ಲಲಿಲ್ಲ. ಅವರ ತಂದೆಯ ಕೋವಿಯ ಕಥೆ ಬಂತು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇದ್ದ ಒಂಟಿ ನಳಿಗೆ ಕೋವಿ. ಚುನಾವಣೆ ಬಂತೆಂದರೆ ಅದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಠಾಣೆಗೆ ಒಯ್ದು ಇಟ್ಟು, ಎಣಿಕೆ ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕಿತ್ತು. ಠಾಣೆಯ ಗೋಡೆಗೆ ಊರಿನ ಕೋವಿಗಳೆಲ್ಲ ಸಾಲಾಗಿ ಒರಗಿರುತ್ತಿದ್ದವು, ಪ್ರತಿಯೊಂದಕ್ಕೂ ದಾರದಲ್ಲಿ ಚೀಟಿ. ಆ ಒಂದು ತಿಂಗಳು ಹಂದಿಗಳಿಗೆ ಹಬ್ಬ. ತಂದೆ ತೀರಿಕೊಂಡ ಮೇಲೆ ಆ ಕೋವಿ ಠಾಣೆಗೆ ಹೋದದ್ದು ವಾಪಸು ಬರಲಿಲ್ಲ. ಲೈಸೆನ್ಸ್ ಬದಲಾಯಿಸಲು ಇವರು ಊರಿನಲ್ಲಿರಲಿಲ್ಲ.

ನಾನು ನಮ್ಮ ಅಂಗಡಿಯ ಕಥೆ ಹೇಳಿದೆ. ಬಾಣಂತಿ ಸಾಮಾನಿನ ಪಟ್ಟಿ ಹಿಡಿದು ನಾಚುತ್ತಾ ಬರುತ್ತಿದ್ದ ಹೊಸ ಗಂಡಂದಿರು, ಸಾಂಬ್ರಾಣಿಯ ಡಬ್ಬದಲ್ಲಿ ಮಲಗುತ್ತಿದ್ದ ಬೆಕ್ಕು, ಮಧ್ಯಾಹ್ನ ಗದ್ದುಗೆಯ ಮೇಲೆ ಕೂತು ಲೆಕ್ಕದ ಮನೆಪಾಠ ಮಾಡುತ್ತಿದ್ದ ಎರಡು ಜಡೆಯ ಸರೋಜ. ಅವಳ ಚಿಕ್ಕಂದಿನ ಯಾವ ಸಂಗತಿಯೂ ಅವರಿಗೆ ನಮ್ಮ ಕಡೆಯ ಬಾಯಿಂದ ಕೇಳಿ ಗೊತ್ತಿರಲಿಲ್ಲ. ಪ್ರೆಸ್ಸಿನ ಹಿಡಿ ಹಿಡಿದೇ ಮತ್ತೆ ಮತ್ತೆ ಕೇಳಿದರು. ನನ್ನ ಕೈ ತನ್ನ ಪಾಡಿಗೆ ತೂಗುತ್ತಿತ್ತು. ಮಾರುಕಟ್ಟೆಯ ಗದ್ದಲದಲ್ಲಿ ಕೂತು ತೂಗಿದಷ್ಟು ಸುಖವಾಗಿತ್ತು. ಚಹಾ ತಂದ ಸರೋಜ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿ, ಲೋಟ ಇಟ್ಟು ಹೋದಳು. ಸಂಜೆಗೆ ಮೂವತ್ತೂ ತೋಟೆ ಡಬ್ಬಿಯಲ್ಲಿ ನಿಂತವು.

ದಾರಿಯ ಚೆರ್ರಿ ಅಂಗಡಿ

ಗುರಿ ಹೊಡೆದು ನೋಡುವ ರೇಂಜು ಊರಾಚೆ, ಬೆಟ್ಟದ ಕಡೆ. ಡಿಸೆಂಬರಿನ ಸೆಖೆ. ನಮ್ಮಲ್ಲಿ ಈ ತಿಂಗಳು ಶಾಲು ಹೊದ್ದು ಅವರೆಕಾಯಿ ಸುಲಿಯುವ ಕಾಲ, ಇಲ್ಲಿ ಜನ ಅರ್ಧ ಚಡ್ಡಿಯಲ್ಲಿ ಹಣ್ಣು ಕೊಳ್ಳುತ್ತಾರೆ. ರಸ್ತೆಬದಿಯ ತಗಡಿನ ಮಾಡಿನಡಿ ಮುದುಕಿಯೊಬ್ಬಳು ಚೆರ್ರಿ ಮಾರುತ್ತಿದ್ದಳು. ಜಗನ್ನಾಥರು ಕಾರು ನಿಲ್ಲಿಸಿದರು.

ಅವಳು ಒಂದು ಕಿಲೋ ತೂಗಿ ಚೀಲಕ್ಕೆ ಸುರಿದಳು. ಆಮೇಲೆ ಬುಟ್ಟಿಗೆ ಕೈಹಾಕಿ ಇನ್ನೊಂದು ಹಿಡಿ ತೆಗೆದು ಚೀಲದ ಮೇಲೆ ಹಾಕಿದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ನೋಡಿ ಕೊಸರು ಹಾಕುತ್ತಾಳೆ ಎಂದು ಕೂಗಿಯೇಬಿಟ್ಟೆ. ಒಂದು ವಾರದಿಂದ ಎಲ್ಲವೂ ಪ್ಯಾಕೆಟ್ಟಿನಲ್ಲಿ, ಎಲ್ಲದರ ಮೇಲೂ ಅಚ್ಚಾದ ತೂಕ. ಭೂಮಿಯ ಈ ತುದಿಯಲ್ಲೂ ಒಂದು ಕೈ ಆ ಕೆಲಸ ಮಾಡುತ್ತದಲ್ಲ ಎಂದು ಕಣ್ಣು ತುಂಬಿತು. ಜಗನ್ನಾಥರು ಅವಳಿಗೆ ಇಂಗ್ಲಿಷಿನಲ್ಲಿ ವಿವರಿಸಿದರು. ಅವಳು ನಕ್ಕು ಇನ್ನೂ ನಾಲ್ಕು ಹಣ್ಣು ನನ್ನ ಕೈಗೇ ಕೊಟ್ಟಳು.

ಕಾರಿನಲ್ಲಿ ಕೂತು ಎರಡನೆಯ ಹಣ್ಣು ಬಾಯಿಗೆ ಹಾಕಿಕೊಳ್ಳುವಾಗ ನನ್ನ ಎಡಗೈ ಕಣ್ಣಿಗೆ ಬಿತ್ತು. ಹಣ್ಣು ಬಾಯಲ್ಲೇ ನಿಂತಿತು.

ಬಲಗೈ ಸುರಿಯುತ್ತದೆ, ಎಡಗೈ ಕೊಸರು ಹಾಕುತ್ತದೆ. ನಿನ್ನೆ ನನ್ನ ಎಡಗೈಯಲ್ಲಿ ಆ ಚಿಕ್ಕ ಚಮಚವಿತ್ತು. ತಟ್ಟೆ ಆಲಿಕೆಗೆ ಸುರಿದ ಮೇಲೆ ಆ ಚಮಚ ಏನು ಮಾಡುತ್ತಿತ್ತು? ನೆನಪು ಮಾಡಿಕೊಳ್ಳಲು ನೋಡಿದೆ. ಬೆಕ್ಕಿನ ಕಥೆ ನೆನಪಿತ್ತು, ಕಡವೆ ನೆನಪಿತ್ತು, ಅವರ ನಗು ನೆನಪಿತ್ತು. ಕೈಯ ಸಂಗತಿ ಒಂದೂ ನೆನಪಿರಲಿಲ್ಲ. ಅಂಗಡಿಯಲ್ಲಿಯೂ ಕೊಸರು ಹಾಕಿದ್ದು ನನಗೆ ಎಂದೂ ನೆನಪಿರುತ್ತಿರಲಿಲ್ಲ.

ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಹಾಕಿಲ್ಲದೆಯೂ ಇರಬಹುದು ಎಂದುಕೊಂಡೆ. ಹೇಳಿದರೆ ಎರಡು ದಿನದ ಕೆಲಸ ಹಾಳು, ಮೂವತ್ತೆರಡು ವರ್ಷದ ಮೇಲೆ ನನ್ನನ್ನು ನಂಬಿ ಒಂದು ಕೆಲಸ ಕೊಟ್ಟ ಮನುಷ್ಯ ಮತ್ತೆ ಕಿಟಕಿಯ ಕಡೆ ತಿರುಗಿ ಕೂರುತ್ತಾರೆ. ಅವರು ಸ್ಟಿಯರಿಂಗ್ ಹಿಡಿದು ತುಳುವಿನಲ್ಲಿ ಏನೋ ಗುನುಗುತ್ತಿದ್ದರು. ಇದರಲ್ಲಿ ಯೋಚಿಸಲು ಏನಿತ್ತು ಎಂದು ಈಗ ನಾಚಿಕೆಯಾಗುತ್ತದೆ. ಆದರೂ ಯೋಚಿಸಿದೆ, ಇಪ್ಪತ್ತು ನಿಮಿಷದ ದಾರಿ ಪೂರ್ತಿ.

ರೇಂಜು

ರೇಂಜಿನಲ್ಲಿ ಉದ್ದನೆಯ ಮಾಡು, ಸಾಲು ಬೆಂಚು, ನೆಲದ ಮೇಲೆ ಹಳದಿ ಗೆರೆ. ಗೆರೆಯ ಹಿಂದೆ ನನಗೊಂದು ಕುರ್ಚಿ, ಕಿವಿಗೆ ದೊಡ್ಡ ಮುಚ್ಚಳ. ಹೊಡೆಯುವವರನ್ನು ಯಾವ ಕಾರಣಕ್ಕೂ ಮುಟ್ಟಬಾರದು ಎಂದು ಅಲ್ಲಿನ ಅಧಿಕಾರಿ, ಕೆಂಪು ಅಂಗಿಯ ಭಾರೀ ಆಳು, ನನಗೆ ಎರಡು ಸಲ ಹೇಳಿದ. ಜಗನ್ನಾಥರು ಬೆಂಚಿಗೆ ಕೂತು ಕೋವಿಯನ್ನು ಮರಳ ಚೀಲದ ಮೇಲೆ ಒರಗಿಸಿದರು. ಭಾರ ಹಿಡಿದ ಆ ಕೈ ನಿಜವಾಗಿಯೂ ನಿಂತಿತ್ತು. ಡಬ್ಬಿಯಿಂದ ಒಂದು ತೋಟೆ ತೆಗೆದುಕೊಂಡರು. ಆಗ ಮಾತ್ರ ಕೈ ನಡುಗಿತು. ಕೆನ್ನೆಯನ್ನು ಕೋವಿಯ ಹತ್ತಿರ ತಂದರು.

ನಾನು ಎದ್ದೆ. ಕೂಗಿದೆ, ಕಿವಿ ಮುಚ್ಚಿದ್ದ ಅವರಿಗೆ ಕೇಳಿಸಲಿಲ್ಲ. ಹಳದಿ ಗೆರೆ ದಾಟಿ ಹೋಗಿ ಅವರ ಭುಜ ಹಿಡಿದೆ.

ಕೆಂಪು ಅಂಗಿಯವನು ಮೈಕಿನಲ್ಲಿ ಅಬ್ಬರಿಸಿದ. ಇಡೀ ಸಾಲು ನಿಂತುಹೋಯಿತು. ಹತ್ತು ಜನ ಬಿಳಿಯರು ತಿರುಗಿ ನೋಡುವ ನಡುವೆ ನಾನು ಅವರ ಕಿವಿಯ ಮುಚ್ಚಳ ತೆಗೆದು ಹೇಳಿದೆ, "ಭಾವ, ಹೊಡೀಬೇಡಿ. ನಾನು ಕೊಸರು ಹಾಕಿದೀನಿ ಅನ್ಸುತ್ತೆ."

ಅವರನ್ನು ಭಾವ ಎಂದು ಕರೆದದ್ದು ಅದೇ ಮೊದಲು. ಆಗ ಅದು ಇಬ್ಬರ ಗಮನಕ್ಕೂ ಬರಲಿಲ್ಲ.

ಅವರು ಮೊದಲು ತೋಟೆಯನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಎಷ್ಟಕ್ಕೆ ಹಾಕಿದ್ದೀರಿ ಎಂದರು. ಗೊತ್ತಿಲ್ಲ ಎಂದೆ. ಎಷ್ಟು ಹಾಕಿದ್ದೀರಿ ಎಂದರು. ಚಿಟಿಕೆ ಎಂದೆ. ಅಧಿಕಾರಿಯ ಹತ್ತಿರ ಹೋಗಿ ಕ್ಷಮೆ ಕೇಳಿದರು. ನನ್ನ ಪರವಾಗಿ ಅವರು ತಲೆ ಬಗ್ಗಿಸಿದ್ದನ್ನು ಕುರ್ಚಿಯ ಹತ್ತಿರ ನಿಂತು ನೋಡಿದೆ. ಕೋವಿಯನ್ನು ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು. ಒಂದು ಗುಂಡನ್ನೂ ಹಾರಿಸದೆ ಹೊರಟೆವು. ವಾಪಸು ಬರುವಾಗ ಗುನುಗಲಿಲ್ಲ. ಚೆರ್ರಿ ಚೀಲ ನಮ್ಮ ಮಧ್ಯದಲ್ಲಿತ್ತು, ಇಬ್ಬರೂ ಮುಟ್ಟಲಿಲ್ಲ.

ಮತ್ತೆ ಗ್ಯಾರೇಜು

ಸರೋಜ ಡ್ಯೂಟಿಯಿಂದ ಬಂದಿದ್ದಳು. ಭಾವ ಎರಡೇ ವಾಕ್ಯದಲ್ಲಿ ಹೇಳಿದರು. ಅವಳು ಕೊರಳಿನ ಆಸ್ಪತ್ರೆಯ ಗುರುತುಪಟ್ಟಿಯನ್ನೂ ತೆಗೆಯದೆ ಗ್ಯಾರೇಜಿಗೆ ಬಂದು, ಫ್ಯಾನ್ ಆರಿಸಿ ತಕ್ಕಡಿಯ ಮುಂದೆ ಕೂತಳು. ಇಷ್ಟು ವರ್ಷ ಆ ಮೇಜನ್ನು ಮುಟ್ಟದವಳು.

ತೋಟೆಯನ್ನು ಬಿಚ್ಚಲು ಪ್ಲಾಸ್ಟಿಕ್ಕಿನ ಒಂದು ಸುತ್ತಿಗೆಯಿದೆ. ತೋಟೆಯನ್ನು ಅದರ ತಲೆಯೊಳಗೆ ಸಿಕ್ಕಿಸಿ ಮರದ ಮೇಲೆ ಕುಟ್ಟಿದರೆ ಗುಂಡು ಕಳಚಿ ಮದ್ದು ಹೊರಬರುತ್ತದೆ. ಭಾವ ಕುಟ್ಟಿದರು. ನಾನು ಮದ್ದನ್ನು ತಟ್ಟೆಗೆ ಸುರಿದೆ. ಸರೋಜ ತೂಗಿ, ಹಾಳೆಯಲ್ಲಿ ಬರೆದಳು. ಮೊದಲ ದಿನದ ಹತ್ತು ಕರಾರುವಾಕ್ಕಾಗಿದ್ದವು. ಹನ್ನೊಂದನೆಯದಕ್ಕೆ ಮುಳ್ಳು ಗೆರೆ ದಾಟಿ ಮೇಲೆ ಹೋಯಿತು. ಹನ್ನೆರಡನೆಯದಕ್ಕೂ. ಅಲ್ಲಿಂದ ಮೂವತ್ತರ ತನಕ ಒಂದನ್ನೂ ನನ್ನ ಎಡಗೈ ಬಿಟ್ಟಿರಲಿಲ್ಲ. ಕೊನೆಯ ಕಟ್ಟಿನ ಅಂಕಿ ನೋಡಿ ಭಾವ ಕೈಯಿಂದ ಕೆನ್ನೆ ಸವರಿಕೊಂಡರು.

ಸರೋಜ ಹಾಳೆಯನ್ನು ಬಹಳ ಹೊತ್ತು ನೋಡಿದಳು. ಹೆಚ್ಚಾದದ್ದನ್ನು ಪ್ರತಿ ಸಾಲಿನ ಎದುರು ಬೇರೆ ಬರೆದಿದ್ದಳು. ಇಪ್ಪತ್ತು ಸಾಲಿನಲ್ಲೂ ಹೆಚ್ಚುಕಡಿಮೆ ಒಂದೇ ಅಂಕಿ.

"ಅಪ್ಪನ ಚಿಟಿಕೆ ಕಣೋ ಇದು," ಎಂದಳು.

ಭಾವ ಹಾಳೆಯನ್ನು ತೆಗೆದುಕೊಂಡರು. ಅದು ಅವರ ಕೈಯಲ್ಲಿ ಅಲುಗಾಡಿತು. "ಇಡೀ ಮೈಸೂರಿಗೆ ಹಾಕಿದ್ದಾರೆ ನಿಮ್ಮ ಮನೆಯವರು," ಎಂದರು. "ನನಗೆ ಸಿಕ್ಕಿದ್ದು ಇದೇ ಮೊದಲು. ಅದೂ ಮದ್ದಿನಲ್ಲಿ ಕೊಟ್ಟಿರಿ ಮಾರಾಯ್ರೆ."

ಮುಖ ಗಂಭೀರವಾಗಿಯೇ ಇತ್ತು, ಕಣ್ಣಿನಲ್ಲಿ ಮಾತ್ರ ತುಂಟತನ. ಸರೋಜ ನಕ್ಕುಬಿಟ್ಟಳು. ನನಗೆ ನಗಲು ಆಗಲಿಲ್ಲ. ಅವರು ತಮಾಷೆಗೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಗುರುತಿಲ್ಲದ ಗಿರಾಕಿಗಳಿಗೆಲ್ಲ ದಿನಕ್ಕೆ ನೂರು ಸಲ ಮೇಲಿಷ್ಟು ಹಾಕಿದ ಕೈ, ಒಡಹುಟ್ಟಿದವಳ ಮದುವೆಗೆ ಒಂದು ಹಿಡಿ ಅಕ್ಷತೆ ಹಾಕಲಿಲ್ಲ. ಹಾಕಲು ಹೊರಟವರನ್ನೂ ತಡೆದಿತ್ತು. ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಆ ಮೇಜಿನ ಮುಂದೆ ಹೇಳಿಬಿಟ್ಟೆ. ಅಪ್ಪ ಪಂಚೆ ಮಡಿಸಿದ್ದು, ನಾನು ಅಂದ ಮಾತು, ಗೂಟದ ಮೇಲಿನ ಚೀಲ, ಎಲ್ಲವನ್ನೂ.

ಸರೋಜ ತಕ್ಕಡಿಯ ತಟ್ಟೆಯನ್ನು ಅಂಗಿಯ ಅಂಚಿನಿಂದ ಒರೆಸುತ್ತಾ ಕೇಳಿಸಿಕೊಂಡಳು.

"ಗೊತ್ತು," ಎಂದಳು. "ಅಪ್ಪ ಕಾಗದ ಬರೆದಿದ್ರು. ಅವನು ಅಂಗಡಿ ತೆಗೆಯಲ್ಲ ಅಂತಾನೆ ಕಣಮ್ಮ, ಅವನ ಮೇಲೆ ಕೋಪ ಮಾಡ್ಕೋಬೇಡ ಅಂತ."

"ಇಷ್ಟು ವರ್ಷ ಕೇಳಲೇ ಇಲ್ವಲ್ಲೇ ನೀನು."

"ಕೇಳಿದ್ರೆ ನೀನು ಫೋನ್ ಎತ್ತೋದು ನಿಲ್ಲಿಸ್ತಿದ್ದೆ."

ಅದು ನಿಜ. ನನ್ನ ಸ್ವಭಾವ ಅವಳಿಗೆ ಗೊತ್ತು. ಮೂವತ್ತೆರಡು ವರ್ಷದ ಭಾನುವಾರಗಳಲ್ಲಿ ಒಂದನ್ನೂ ತಪ್ಪಿಸದೆ, ಎಲ್ಲ ತಿಳಿದೂ ಅವಳು ಅಂಗಡಿ ಹೇಗಿದೆ, ಅತ್ತಿಗೆ ಹೇಗಿದ್ದಾರೆ ಎಂದು ಕೇಳಿದ್ದಳು. ನಾನು ಅಲ್ಲೇ ಕೂತು ಅತ್ತೆ. ಭಾವ ಸುತ್ತಿಗೆಯನ್ನು ಗೂಡಿಗೆ ಇಟ್ಟು, ಗುಂಡುಗಳನ್ನು ಒಂದು ಬಟ್ಟಲಿಗೆ, ಕೊಳವೆಗಳನ್ನು ಇನ್ನೊಂದಕ್ಕೆ ಹಾಕಿ, ಬಿಚ್ಚಿದ ಮದ್ದನ್ನು ಬೇರೆ ಡಬ್ಬಿಗೆ ಸುರಿದು ಬರೆದಿಟ್ಟರು. ಆ ಕೆಲಸಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

"ನಾಳೆ ಬೆಳಿಗ್ಗೆ ಕೂತ್ಕೊಳ್ಳುವ ಭಾವ," ಎಂದರು ಕೊನೆಗೆ. "ಮೂವತ್ತೂ ಮತ್ತೆ ತೂಗಬೇಕು."

ಸರೋಜ ಇದ್ದಾಳಲ್ಲ, ಅವಳು ತೂಗಲಿ ಎಂದೆ. ಅವಳಿಗೆ ಡ್ಯೂಟಿ ಉಂಟು ಎಂದರು. ಮಾರನೆಯ ದಿನ ಅವಳಿಗೆ ರಜೆ ಎಂದು ಮೂವರಿಗೂ ಗೊತ್ತಿತ್ತು.

ಬೆಳಿಗ್ಗೆ ತಿಂಡಿ ಮುಗಿಸಿ ಕೂತೆವು. ಫ್ಯಾನ್ ಇಲ್ಲ, ಮಾತಿಲ್ಲ. ನಾನು ಎಡಗೈಯನ್ನು ತೊಡೆಯಡಿ ಹಾಕಿಕೊಂಡು ಕೂತು, ಚಮಚ, ತಟ್ಟೆ, ಆಲಿಕೆ ಎಲ್ಲವನ್ನೂ ಬಲಗೈಯಲ್ಲೇ ಮಾಡಿದೆ. ಹೊತ್ತು ಹಿಡಿಯಿತು. ಮೊದಲ ಕಟ್ಟಿನ ಐದನ್ನೂ ಭಾವ ಮತ್ತೆ ತಟ್ಟೆಗೆ ಸುರಿಸಿ, ಮುಳ್ಳು ನಿಲ್ಲುವ ತನಕ ಬಗ್ಗಿ ನೋಡಿದರು. ಐದೂ ಗೆರೆಯ ಮೇಲೆಯೇ ನಿಂತವು. ಆರನೆಯದನ್ನು ನಾನು ನೀಡಿದೆ. ಅವರು ಅದನ್ನು ಕೈಗೆ ತೆಗೆದುಕೊಂಡು ತಕ್ಕಡಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ಮತ್ತೆ ತೂಗದೆ ಹಾಗೆಯೇ ತಿರುಗಿ ಪ್ರೆಸ್ಸಿಗೆ ಇಟ್ಟು ಹಿಡಿ ಎಳೆದರು.